ಸವೆದದ್ದು ರೆಂಚು, ಕಟ್ಟಾದದ್ದು ಸಂಬಳ

ಸಂಬಳದ ಶೀಟಿನಲ್ಲಿ ‘ಟೂಲ್ ಡ್ಯಾಮೇಜ್’ ಅನ್ನೋ ಕಾಲಂ ತುಂಬಿಸುವವರು ನಾವೇ, ಅಕೌಂಟೆಂಟ್‌ಗಳು. ಎಸಿ ರೂಮಿನಲ್ಲಿ ಕೂತು, ಫೋರ್‌ಮನ್ ಕಳಿಸಿದ ಚೀಟಿ ನೋಡಿ ಅಂಕೆ ಹಾಕುತ್ತೇವೆ. ಹೈಡ್ರಾಲಿಕ್ ಟಾರ್ಕ್ ರೆಂಚ್ ಹಾಳಾಯ್ತು, ಹುಡುಗ ಸರಿಯಾಗಿ ನೋಡ್ಕೊಳ್ಳಲಿಲ್ಲ, ಕಟ್ ಮಾಡಿ. ಅಷ್ಟೆ. ಆ ರೆಂಚನ್ನು ಯಾರಾದರೂ ಬಿಚ್ಚಿ ನೋಡಿದರಾ ಅಂತ ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?

ಜುಬೈಲಿನಲ್ಲಿ ಶಟ್‌ಡೌನ್ ಕೆಲಸಕ್ಕೆ ಹೋಗುವ ನಮ್ಮೂರ ಹುಡುಗರ ರೂಮಿನಲ್ಲಿ ಕೂತು ಕೇಳಿದ ಮೇಲೆ ನಮಗೆ ನಾಚಿಕೆಯಾಯ್ತು. ಎಷ್ಟೋ ಸಲ ರೆಂಚಿಗೆ ಏನೂ ಆಗಿರುವುದೇ ಇಲ್ಲ. ಪಂಪಿನಿಂದ ಎರಡು ಹೋಸ್ ಬರುತ್ತವೆ, ಪಿಸ್ಟನನ್ನು ಮುಂದೆ ತಳ್ಳಲು ಒಂದು, ಹಿಂದಕ್ಕೆ ತರಲು ಇನ್ನೊಂದು. ಕಪ್ಲರ್ ಪೂರ್ತಿ ಕೂರದಿದ್ದರೆ ಒಳಗಿನ ವಾಲ್ವ್ ತೆರೆಯದು, ಎಣ್ಣೆ ದಾಟದು, ರೆಂಚು ಒಮ್ಮೆ ತಿರುಗಿ ಅಲ್ಲೇ ನಿಂತುಬಿಡುತ್ತದೆ. ಪಂಪ್ ಆಫ್ ಮಾಡಿ, ಗೇಜು ಸೊನ್ನೆಗೆ ಬಂದ ಮೇಲೆ ಕಪ್ಲರ್ ಬಿಚ್ಚಿ, ಒರೆಸಿ, ಕೈಯಲ್ಲೇ ಪೂರ್ತಿ ಕೂರಿಸಿದರೆ ಸಾಕು. ಒತ್ತಡವೇ ಏರದಿದ್ದರೆ ಮೊದಲು ಪಂಪಿನ ಎಣ್ಣೆ ನೋಡಬೇಕು, ಆಮೇಲೆ ರಿಲೀಫ್ ವಾಲ್ವ್ ಎಷ್ಟಕ್ಕೆ ಸೆಟ್ ಆಗಿದೆ ಅಂತ. ಗಾಳಿಯ ಪಂಪಾದರೆ ಕಂಪ್ರೆಸರ್ ಗಾಳಿ ಸಾಕಷ್ಟು ಬರ್ತಿದೆಯಾ ಅಂತಲೂ.

ಪಿಸ್ಟನ್ ಓಡಿದರೂ ಸಾಕೆಟ್ ತಿರುಗದಿದ್ದರೆ ರಾಚೆಟ್ಟಿನ ಹಲ್ಲು ಸವೆದಿರಬಹುದು. ರೆಂಚಿನ ಮೈಯಿಂದ ಎಣ್ಣೆ ಒಸರಿದರೆ ಸೀಲ್ ಹೋಗಿರಬಹುದು. (ಒಸರುವ ಜಾಗಕ್ಕೆ ಬೆರಳಿಡಬೇಡಿ. 700 ಬಾರ್ ಒತ್ತಡದ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ, ರಟ್ಟು ಹಿಡಿದು ನೋಡಿ.) ವರ್ಷಗಟ್ಟಲೆ ಸರ್ವಿಸ್ ಕಾಣದ ಟೂಲಿನ ಹಲ್ಲು ಸವೆದದ್ದು ನಿನ್ನೆ ಸಂಜೆ ಅದನ್ನು ಹಿಡಿದವನ ತಪ್ಪು ಹೇಗಾಗುತ್ತದೆ?

ಹುಡುಗರೂ ಎಡವಟ್ಟು ಮಾಡ್ತಾರೆ, ಇಲ್ಲ ಅನ್ನುವುದಿಲ್ಲ. ಹೋಸ್ ಹಿಡಿದು ರೆಂಚನ್ನು ದರದರ ಎಳೆದು ಹೋಸ್ ಕಿತ್ತರೆ ಅದು ಅವರದೇ ತಪ್ಪು. ಆದರೆ ಸೌದಿ ಕಾರ್ಮಿಕ ಕಾನೂನಿನ 91ನೇ ವಿಧಿ ಕಡಿತಕ್ಕೆ ಒಪ್ಪುವುದು ಕಾರ್ಮಿಕನ ತಪ್ಪಿನಿಂದ ಹಾಳಾದಾಗ ಮಾತ್ರ. ಅದೂ ತಿಂಗಳಿಗೆ 5 ದಿನದ ಕೂಲಿ ಮೀರುವಂತಿಲ್ಲ. ಇಡೀ ಅರ್ಧ ಸಂಬಳ ಕಟ್ಟಾದ ಶೀಟಿಗೂ ನಮ್ಮಂಥವರೇ ಸಹಿ ಹಾಕಿದ್ದೇವೆ.

ಅದೇ ರೆಂಚಿಗೆ ನಾವು ವರ್ಷ ವರ್ಷ ಡಿಪ್ರಿಸಿಯೇಶನ್ ಬರೆಯುತ್ತೇವೆ. ಸವೆಯುತ್ತದೆ ಅಂತ ಪುಸ್ತಕದಲ್ಲಿ ಒಪ್ಪಿಕೊಂಡು, ಸವೆದದ್ದಕ್ಕೆ ಹುಡುಗನ ಜೇಬಿಗೆ ಕೈ ಹಾಕುವುದು ಯಾವ ಲೆಕ್ಕ ಮಾರಾಯ್ರೇ?

ಮುಂದಿನ ತಿಂಗಳಿಂದ ಫೋರ್‌ಮನ್ ಚೀಟಿಯ ಜೊತೆ ಸರ್ವಿಸ್ ರೆಕಾರ್ಡು, ವರ್ಕ್‌ಶಾಪಿನ ವರದಿ ಎರಡೂ ಇಲ್ಲದಿದ್ದರೆ ಆ ಕಾಲಂ ಖಾಲಿ ಬಿಡೋಣ. ಹುಡುಗರೇ, ಸೈಟಿನೊಳಗೆ ಮೊಬೈಲ್ ಬಿಡುವುದಿಲ್ಲ, ಫೋಟೊ ತೆಗೆಯೋದಕ್ಕಾಗಲ್ಲ. ಹಾಗಾಗಿ ಟೂಲ್ ತೆಗೆದುಕೊಳ್ಳುವಾಗಲೇ ಒಸರುವ ಸೀಲು, ಗೇಜಿನ ಕ್ಯಾಲಿಬ್ರೇಶನ್ ತಾರೀಖು ಎಲ್ಲವನ್ನೂ ಸ್ಟೋರಿನ ಚೀಟಿಯಲ್ಲಿ ಬರೆಸಿ. ಒಂದು ಕಾಪಿ ನಿಮ್ಮ ಹತ್ತಿರ ಇರಲಿ.