ಗೋಡೆ ಕೇಳಿದವರು ಭಕ್ತರೇ

ಅಮೆರಿಕದಲ್ಲಿ ಚುನಾವಣೆ ಬಂತೆಂದರೆ ಈ ಮಾತು ತಪ್ಪದೆ ಕೇಳಿಬರುತ್ತದೆ: ದೇಶ ಕಟ್ಟಿದ ಹಿರಿಯರು ಕ್ರೈಸ್ತರು, ಹಾಗಾಗಿ ಇದು ಕ್ರೈಸ್ತ ದೇಶ. ಆ ಹಿರಿಯರೆಲ್ಲ ಒಳಗೊಳಗೇ ನಾಸ್ತಿಕರಾಗಿದ್ದರು ಎಂಬುದು ಎದುರು ಪಾಳೆಯದ ಸಿದ್ಧ ಉತ್ತರ. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಜಾನ್ ವಿದರ್‌ಸ್ಪೂನ್ ಪಾದ್ರಿಯಾಗಿದ್ದ ಎಂದು ನೆನಪಿಸಿದರೆ ಈ ಉತ್ತರ ಅಲ್ಲಿಗೇ ಬಿದ್ದುಹೋಗುತ್ತದೆ.

ಮೊದಲ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. 1776ರ ಘೋಷಣೆ ಮನುಷ್ಯನ ಹಕ್ಕುಗಳನ್ನು ಸೃಷ್ಟಿಕರ್ತ ಕೊಟ್ಟದ್ದೆಂದೇ ಹೇಳುತ್ತದೆ. ಧರ್ಮ, ನೀತಿಗಳ ಆಸರೆಯಿಲ್ಲದೆ ರಾಜ್ಯ ನಿಲ್ಲದೆಂದು ವಾಷಿಂಗ್ಟನ್ 1796ರ ವಿದಾಯ ಸಂದೇಶದಲ್ಲಿ ಎಚ್ಚರಿಸಿದ. 1791ರ ಮೊದಲ ತಿದ್ದುಪಡಿ ಕಟ್ಟಿಹಾಕಿದ್ದು ಕೇಂದ್ರದ ಶಾಸಕಾಂಗದ ಕೈಯನ್ನು ಮಾತ್ರ. ಮ್ಯಾಸಚೂಸೆಟ್ಸ್‌ನಂಥ ರಾಜ್ಯದಲ್ಲಿ ಚರ್ಚಿಗೂ ಸರ್ಕಾರಕ್ಕೂ ಇದ್ದ ಗಂಟು ಬಿಡಿಸಿಕೊಂಡದ್ದು 1833ರಲ್ಲಿ. ಇತಿಹಾಸ ಬಲ್ಲವರೇ ಎತ್ತುವ ವಾದ ಇದು, ತೂಕವುಳ್ಳದ್ದು.

ಆದರೆ ಅದೇ ಪೀಳಿಗೆ 1787ರಲ್ಲಿ ಸಂವಿಧಾನ ಬರೆಯಲು ಕೂತಾಗ ಏನು ಮಾಡಿತು? ಕೊನೆಯಲ್ಲಿ ತಾರೀಖು ನಮೂದಿಸುವಾಗ ರೂಢಿಯಂತೆ ಕ್ರಿಸ್ತಶಕವನ್ನು ಬರೆದದ್ದು ಬಿಟ್ಟರೆ ದೇವರ ಸುದ್ದಿಯನ್ನೇ ಎತ್ತಲಿಲ್ಲ. ಯಾವ ಸರ್ಕಾರಿ ಹುದ್ದೆಗೂ ಧರ್ಮದ ಅರ್ಹತೆ ಕೇಳಕೂಡದೆಂದು ಆರನೇ ವಿಧಿಯಲ್ಲಿ ಬರೆದಿಟ್ಟಿತು. ದಿನಾ ಪ್ರಾರ್ಥನೆಯಿಂದ ಕಲಾಪ ಶುರುವಾಗಲಿ ಎಂದು ಆ ಸಭೆಯಲ್ಲಿ ಸೂಚಿಸಿದವನು 81ರ ಮುದುಕ ಫ್ರಾಂಕ್ಲಿನ್. ಯೇಸುವಿನ ದೈವತ್ವದ ಬಗ್ಗೆ ತನಗೆ ಅನುಮಾನವಿದೆ ಎಂದು ಮುಂದೆ ಪತ್ರದಲ್ಲಿ ಬರೆದುಕೊಂಡವನೂ ಅವನೇ! ಸಭೆ ಆ ಸೂಚನೆಯನ್ನು ಮತಕ್ಕೂ ಹಾಕದೆ ಎದ್ದುಹೋಯಿತು.

ಹಾಗಾದರೆ ಧರ್ಮವನ್ನೂ ಸರ್ಕಾರವನ್ನೂ ಬೇರೆಯಾಗಿಡಿ ಎಂದು ಹಟ ಹಿಡಿದವರು ಯಾರು? ಇದಕ್ಕೆ ಉತ್ತರ ಒಂದು ಚೀಸ್ ಗಡ್ಡೆಯಲ್ಲಿದೆ. ಮ್ಯಾಸಚೂಸೆಟ್ಸ್‌ನ ಚೆಷೈರ್ ಎಂಬ ಊರಿನ ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಥದ ರೈತರು ತಮ್ಮ ಹಸುಗಳ ಹಾಲನ್ನೆಲ್ಲ ಒಟ್ಟುಗೂಡಿಸಿ 1,235 ಪೌಂಡ್, ಅಂದರೆ ಸುಮಾರು 560 ಕಿಲೊ ತೂಕದ ಚೀಸ್ ಮಾಡಿದರು. ಎದುರು ಪಕ್ಷದವರ ಹಸುವಿನ ಹಾಲು ಒಂದು ಹನಿಯೂ ಅದಕ್ಕೆ ಸೇರಿಲ್ಲ ಎಂಬ ಜಂಬ ಬೇರೆ. ಅವರ ಪಾದ್ರಿ ಜಾನ್ ಲೀಲ್ಯಾಂಡ್ ಅದನ್ನು ವಾಷಿಂಗ್ಟನ್ ನಗರಕ್ಕೆ ಸಾಗಿಸಿ 1802ರ ಜನವರಿ 1ರಂದು ಅಧ್ಯಕ್ಷ ಜೆಫರ್ಸನ್‌ಗೆ ಒಪ್ಪಿಸಿದ. ಪುಕ್ಕಟೆ ಉಡುಗೊರೆ ಮುಟ್ಟದ ಜೆಫರ್ಸನ್ 200 ಡಾಲರ್ ಕೊಟ್ಟ.

ಯಾವ ಜೆಫರ್ಸನ್? ಚುನಾವಣೆಯಲ್ಲಿ ಪಾದ್ರಿಗಳಿಂದಲೇ ನಾಸ್ತಿಕನೆಂದು ಜರೆಸಿಕೊಂಡವನು. ಮುಂದೆ 1820ರ ಹೊತ್ತಿಗೆ ಯೇಸುವಿನ ಕಥೆಯಿಂದ ಪವಾಡಗಳನ್ನೂ ಪುನರುತ್ಥಾನವನ್ನೂ ಕೈಬಿಟ್ಟು, ತನಗೆ ಒಪ್ಪಿತವಾದ ಭಾಗಗಳನ್ನಷ್ಟೇ ಕತ್ತರಿಸಿ ಅಂಟಿಸಿ ತನ್ನದೇ ಬೈಬಲ್ ಮಾಡಿಕೊಂಡವನು. ಅಂಥವನಿಗೆ ಕಟ್ಟಾ ಭಕ್ತರ ಕಾಣಿಕೆ! ಅದೇ ದಿನ ಆತ ಕನೆಕ್ಟಿಕಟ್‌ನ ಡ್ಯಾನ್‌ಬರಿ ಬ್ಯಾಪ್ಟಿಸ್ಟರ ಅಹವಾಲಿಗೆ ಉತ್ತರ ಬರೆದ. ಚರ್ಚು ಮತ್ತು ಸರ್ಕಾರದ ನಡುವಿನ ಗೋಡೆಯ ಪ್ರಸ್ತಾಪ ಬರುವುದು ಆ ಪತ್ರದಲ್ಲೇ. ಎರಡು ದಿನ ಬಿಟ್ಟು, ಜನಪ್ರತಿನಿಧಿಗಳ ಸಭಾಂಗಣದಲ್ಲಿ ಲೀಲ್ಯಾಂಡ್ ಮಾಡಿದ ಭಾನುವಾರದ ಉಪದೇಶಕ್ಕೆ ಜೆಫರ್ಸನ್ ಹೋಗಿ ಕೂತ. ಗೋಡೆಯ ಪಕ್ಷಪಾತಿಗಳು ಇದನ್ನೂ ಮರೆಯಬಾರದು.

ಬ್ಯಾಪ್ಟಿಸ್ಟರಿಗೆ ಗೋಡೆ ಏಕೆ ಬೇಕಿತ್ತು ಎಂಬುದಕ್ಕೆ ವರ್ಜೀನಿಯಾದ ಜೈಲುಗಳೇ ಸಾಕ್ಷಿ. ಅಲ್ಲಿ ಪರವಾನಗಿಯಿಲ್ಲದೆ ಉಪದೇಶ ಮಾಡಿದ ಅವರ ಬೋಧಕರನ್ನು ಜೈಲಿಗೆ ತಳ್ಳಿದವರು ನಾಸ್ತಿಕರಲ್ಲ, ಆಂಗ್ಲಿಕನ್ ಚರ್ಚನ್ನು ಬೆನ್ನಿಗಿಟ್ಟುಕೊಂಡ ಅಧಿಕಾರಿಗಳು. ಇದನ್ನು ಕಂಡು ಕುದಿದು ಮುಂದೆ ಅಧ್ಯಕ್ಷನಾದ ಯುವಕ ಜೇಮ್ಸ್ ಮ್ಯಾಡಿಸನ್ 1774ರಲ್ಲೇ ಗೆಳೆಯನಿಗೆ ಬರೆದಿದ್ದ. ಕ್ರೈಸ್ತ ಬೋಧಕರ ಸಂಬಳಕ್ಕೆ ತೆರಿಗೆ ಹಾಕೋಣ, ಅವರವರ ಹಣ ಅವರವರ ಪಂಥಕ್ಕೇ ಹೋಗಲಿ ಎಂದು ವರ್ಜೀನಿಯಾದ ನಾಯಕ ಪ್ಯಾಟ್ರಿಕ್ ಹೆನ್ರಿ 1784ರಲ್ಲಿ ಮಸೂದೆ ತಂದಾಗ, ಕೇಳಲು ಇಂಪಾಗಿದ್ದ ಆ ಉದಾರತೆಯನ್ನು ಮ್ಯಾಡಿಸನ್ ಜೊತೆ ಸೇರಿ ತಿರಸ್ಕರಿಸಿದವರಲ್ಲಿ ಬ್ಯಾಪ್ಟಿಸ್ಟರೇ ಮುಂದಿದ್ದರು. ಸರ್ಕಾರದ ಅನ್ನ ತಿಂದ ಭಕ್ತಿ ಸರ್ಕಾರದ ಗುಲಾಮಗಿರಿಗೆ ಇಳಿಯುತ್ತದೆಂದು ಅವರಿಗೆ ಅನುಭವದಿಂದಲೇ ಗೊತ್ತಿತ್ತು. ಹೀಗಿರುವಾಗ ಅವರ ಭಕ್ತಿಯನ್ನೇ ಸಾಕ್ಷಿಯಾಗಿ ಎಳೆತಂದು ಗೋಡೆ ಕೆಡವಲು ಹೊರಡುವುದು ಇತಿಹಾಸಕ್ಕೆ ಮಾಡುವ ದ್ರೋಹ.

1786ರಲ್ಲಿ ಜೆಫರ್ಸನ್‌ನ ಧಾರ್ಮಿಕ ಸ್ವಾತಂತ್ರ್ಯದ ಮಸೂದೆ ವರ್ಜೀನಿಯಾದ ಕಾನೂನಾಯಿತು. ಅದರ ಪೀಠಿಕೆಯಲ್ಲಿ ಯೇಸುಕ್ರಿಸ್ತನ ಹೆಸರು ಸೇರಿಸಬೇಕೆಂಬ ತಿದ್ದುಪಡಿ ಬಂದು ಬಿದ್ದುಹೋಯಿತು. ಯಹೂದಿ, ಕ್ರೈಸ್ತ, ಮುಸಲ್ಮಾನ, ಹಿಂದೂ, ಏನನ್ನೂ ನಂಬದವನು, ಎಲ್ಲರಿಗೂ ರಕ್ಷಣೆ ಸಿಗಲಿ ಎಂಬುದೇ ಶಾಸನಸಭೆಯ ಉದ್ದೇಶವಾಗಿತ್ತು ಎನ್ನಲು ಇದೇ ಪುರಾವೆ ಎಂದು ಜೆಫರ್ಸನ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ ಗಣೇಶನ ಗುಡಿಗೆ ಕುಂಭಾಭಿಷೇಕ ನಡೆದದ್ದು 1977ರಲ್ಲಿ. ಹಿಂದೂವಿನ ಹೆಸರು ಆ ಬರವಣಿಗೆಯಲ್ಲಿ ಅದಕ್ಕೆ ಒಂದೂವರೆ ಶತಮಾನ ಮೊದಲೇ ಇತ್ತು.

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕನ್ನಡಿಗರು ಈ ಗೋಡೆಯ ನೆರಳಲ್ಲೇ ಗಣೇಶನನ್ನು ಕೂರಿಸುತ್ತಾರೆ, ರಾಜ್ಯೋತ್ಸವ ಮಾಡುತ್ತಾರೆ. ಅವರಲ್ಲೇ ಕೆಲವರಿಗೆ, ಊರಿಗೆ ಫೋನ್ ಮಾಡಿದಾಗ ಮಾತ್ರ, ಹೆಚ್ಚು ಜನರ ಧರ್ಮವೇ ದೇಶದ ಧರ್ಮವಾಗಬೇಕು ಅನಿಸುತ್ತದೆ. ಅಂಥವರು ಒಮ್ಮೆ ಆ ವರ್ಜೀನಿಯಾ ಕಾನೂನನ್ನು ಓದಲಿ. ಹೆಚ್ಚೆಂದರೆ ಎರಡು ಪುಟ.