ಎರಡು ಚೀಟಿ, ಒಂದು ದೇಹ

ಉದ್ಯೋಗನಿಮಿತ್ತ ಆಂಧ್ರದ ನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ವೃದ್ಧ ತಂದೆತಾಯಿಗಳು ಕೆಲವು ತಿಂಗಳು ವಿಶಾಖಪಟ್ಟಣದ ಮಗನ ಮನೆಯಲ್ಲಿ, ಕೆಲವು ತಿಂಗಳು ವಿಜಯವಾಡದ ಮಗಳ ಮನೆಯಲ್ಲಿ ಕಳೆಯುವುದು ಅಪರೂಪವೇನಲ್ಲ. ನಡುವಿನ ದೂರ ಸುಮಾರು 350 ಕಿಲೋಮೀಟರು. ರತ್ನಾಚಲ ಎಕ್ಸ್‌ಪ್ರೆಸ್ಸಿನಲ್ಲಿ ಅರ್ಧ ದಿನದ ಪ್ರಯಾಣ. ಇಂತಹ ಹಿರಿಯರೊಬ್ಬರಿಗೆ ಒಂದು ಊರಿನ ಹೃದ್ರೋಗ ತಜ್ಞರು ಗುಳಿಗೆ ಬರೆದಿರುತ್ತಾರೆ. ಕೈನಡುಕ ಆರಂಭವಾದಾಗ ಇನ್ನೊಂದು ಊರಿನ ನರರೋಗ ತಜ್ಞರು ಪಾರ್ಕಿನ್‌ಸನ್ ವ್ಯಾಧಿಗೆ ಬೇರೆ ಗುಳಿಗೆ ಬರೆಯುತ್ತಾರೆ. ಇಬ್ಬರೂ ನಿಪುಣರೇ, ಎರಡು ಚೀಟಿಗಳೂ ಸರಿಯೇ. ಆದರೆ ಒಬ್ಬರ ಚೀಟಿಯನ್ನು ಇನ್ನೊಬ್ಬರು ಕಂಡಿಲ್ಲ. ಒಬ್ಬನೇ ಗ್ರಾಹಕ ಎರಡು ಶಾಖೆಗಳಲ್ಲಿ ಸಾಲ ಪಡೆದು, ಯಾವ ಶಾಖೆಯೂ ಇನ್ನೊಂದರ ಲೆಕ್ಕ ಕೇಳದಿದ್ದರೆ ಆಗುವ ಪರಿಣಾಮ ವ್ಯವಹಾರ ಬಲ್ಲವರಿಗೆ ತಿಳಿದದ್ದೇ.

ಈ ಎರಡು ಬಗೆಯ ಔಷಧಗಳ ನಂಟು ಹಳೆಯದು. 1949ರಲ್ಲಿ ಮುಂಬಯಿಯ ವೈದ್ಯ ರುಸ್ತುಮ್ ಜಾಲ್ ವಕೀಲರು ಸರ್ಪಗಂಧದ ಬೇರು ರಕ್ತದೊತ್ತಡವನ್ನು ಇಳಿಸುವುದೆಂದು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಬೇರಿನಿಂದ ತೆಗೆದ ರಿಸರ್ಪಿನ್ ಜಗತ್ತಿನಾದ್ಯಂತ ಬಳಕೆಗೆ ಬಂದಿತು. ಕೆಲವು ರೋಗಿಗಳಲ್ಲಿ ಪಾರ್ಕಿನ್‌ಸನ್ ವ್ಯಾಧಿಯನ್ನೇ ಹೋಲುವ ಬಿಗಿತ, ನಡುಕಗಳನ್ನೂ ತಂದಿತು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ನರು ರಿಸರ್ಪಿನ್ನಿನಿಂದ ನಿಶ್ಚಲವಾದ ಮೊಲಗಳಿಗೆ ಡೋಪ ಎಂಬ ದ್ರವ್ಯವನ್ನು ಕೊಟ್ಟಾಗ ಅವು ಮತ್ತೆ ಓಡಾಡತೊಡಗಿದವು. ಇಂದಿಗೂ ಈ ವ್ಯಾಧಿಯ ಪ್ರಧಾನ ಔಷಧವಾದ ಲೀವೋಡೋಪಕ್ಕೆ ದಾರಿ ತೆರೆದದ್ದು ಹೀಗೆ. ಕಾರ್ಲ್‌ಸನ್ನರಿಗೆ 2000ದಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಈಗಿನ ತೊಡಕು ಬೇರೆ ಬಗೆಯದು. ಪಾರ್ಕಿನ್‌ಸನ್ ವ್ಯಾಧಿಯೇ ಎದ್ದು ನಿಂತಾಗ ರಕ್ತದೊತ್ತಡವನ್ನು ಕುಸಿಯುವಂತೆ ಮಾಡಬಲ್ಲದು. ಲೀವೋಡೋಪವೂ ಅದನ್ನು ಇಳಿಸುತ್ತದೆ. ಅದರ ಮೇಲೆ ಒತ್ತಡದ ಗುಳಿಗೆ, ಎದೆನೋವಿನ ನೈಟ್ರೇಟ್, ಮೂತ್ರ ಹೆಚ್ಚಿಸುವ ಮಾತ್ರೆ ಸೇರಿದರೆ ರಾತ್ರಿ ಎದ್ದ ಹಿರಿಯರು ಬಚ್ಚಲಿನ ಬಾಗಿಲಲ್ಲೇ ಬೀಳುತ್ತಾರೆ. ವಿಜಯವಾಡದ ಬೇಸಗೆಯಲ್ಲಿ ಬೆವರಿ ನೀರು ಕಡಿಮೆಯಾದರಂತೂ ಹೇಳತೀರದು. ಮನೆಯವರು ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುತ್ತಾರೆ. ಖಂಡಿಸಬೇಕಾದದ್ದು ಈ ಸುಮ್ಮನಿರುವಿಕೆಯನ್ನೇ. ತಾಯಿ ‘ಎದ್ದರೆ ಕಣ್ಣು ಕತ್ತಲೆ ಕಟ್ಟುತ್ತದೆ’ ಎಂದು ಕನ್ನಡದಲ್ಲಿ ಹೇಳಿದ್ದನ್ನು ಮಗ ವೈದ್ಯರಿಗೆ ತೆಲುಗಿನಲ್ಲಿ ‘ನೀರಸಂ’ ಎಂದುಬಿಟ್ಟರೆ, ನಿಶ್ಶಕ್ತಿಗೆ ಟಾನಿಕ್ ಬರುತ್ತದೆಯೇ ಹೊರತು ಒತ್ತಡದ ಪರೀಕ್ಷೆ ನಡೆಯುವುದಿಲ್ಲ. ಐದು ನಿಮಿಷ ಮಲಗಿಸಿ ಒಮ್ಮೆ, ನಿಲ್ಲಿಸಿ ಮೂರು ನಿಮಿಷದೊಳಗೆ ಮತ್ತೊಮ್ಮೆ ಅಳೆದರೆ ಸಾಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದಿದ್ದರೆ ವೈದ್ಯರಿಗೆ ತಿಳಿಸಲೇಬೇಕು.

ಚೀಟಿಯಲ್ಲಿಲ್ಲದ ಔಷಧಗಳದು ಇನ್ನೊಂದು ಕಥೆ. ಲೀವೋಡೋಪದಿಂದ ವಾಕರಿಕೆ ಬಂದಾಗ ಅಂಗಡಿಯಿಂದ ತಂದ ಮೆಟೋಕ್ಲೊಪ್ರಮೈಡ್ ನಡುಕವನ್ನೇ ಹೆಚ್ಚಿಸಬಹುದು. ಅದರ ಬದಲಿಗೆ ಬಳಸುವ ಡೊಂಪೆರಿಡೋನ್ ಹೃದ್ರೋಗಿಗಳಲ್ಲಿ ಬಡಿತದ ಲಯವನ್ನು ಕೆಡಿಸೀತು. ಶಕ್ತಿಗೆಂದು ಸೇವಿಸುವ ನಸುಗುನ್ನಿ ಬೀಜದ ಚೂರ್ಣದಲ್ಲಿ ಇರುವುದೂ ಲೀವೋಡೋಪವೇ. 1937ರಷ್ಟು ಹಿಂದೆಯೇ ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಅದನ್ನು ಆ ಬೀಜಗಳಿಂದ ಬೇರ್ಪಡಿಸಿದ್ದರು. ‘ನಾಟಿ ಮದ್ದು, ಏನೂ ಆಗದು’ ಎಂಬ ಮಾತು ಇಲ್ಲಿ ಸಲ್ಲದು.

ಇದನ್ನೆಲ್ಲ ನೋಡುವುದು ವೈದ್ಯರ ಕೆಲಸವಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು, ಆದರೆ ತೋರಿಸದ ಚೀಟಿಯನ್ನು ಅವರು ಓದಲಾರರು. ಹಾಗೆಂದು ಭಯಪಟ್ಟು ಗುಳಿಗೆಗಳನ್ನು ತಾವಾಗಿಯೇ ನಿಲ್ಲಿಸುವುದು ಇನ್ನೂ ಅಪಾಯಕರ. ಲೀವೋಡೋಪ ಹಠಾತ್ತನೆ ನಿಂತರೆ ತೀವ್ರ ಜ್ವರ, ಬಿಗಿತಗಳಿಂದ ಪ್ರಾಣಕ್ಕೇ ಸಂಚಕಾರ ಬಂದೀತು. ಬೀಟಾ ಬ್ಲಾಕರ್ ಗುಳಿಗೆಯನ್ನು ಥಟ್ಟನೆ ಬಿಟ್ಟರೆ ಎದೆನೋವು ಮರುಕಳಿಸೀತು. ಪ್ರಮಾಣವನ್ನೂ ವೇಳೆಯನ್ನೂ ಬದಲಿಸುವ ಅಧಿಕಾರ ವೈದ್ಯರದು. ಮನೆಯವರು ಮಾಡಬೇಕಾದದ್ದು ಒಂದೇ ಹಾಳೆಯಲ್ಲಿ ಪ್ರತಿ ಗುಳಿಗೆಯ ಹೆಸರು, ಪ್ರಮಾಣ, ವೇಳೆ, ಬರೆದವರಾರು ಎಂಬುದನ್ನು ಗುರುತಿಸಿ, ಚೂರ್ಣ ಟಾನಿಕ್ಕುಗಳನ್ನೂ ಬಿಡದೆ ಸೇರಿಸಿ, ಪ್ರತಿ ಭೇಟಿಯಲ್ಲೂ ಇಬ್ಬರು ತಜ್ಞರ ಮುಂದೆಯೂ ಇಡುವುದು. ಅದರ ಪ್ರತಿ ಮಗನ ಕಪಾಟಿನಲ್ಲಿದ್ದರೆ ಸಾಲದು; ರೈಲು ಹತ್ತುವ ಹಿರಿಯರ ಕೈಚೀಲದಲ್ಲಿ, ಗುಳಿಗೆ ಡಬ್ಬಿಯ ಜೊತೆಗೇ ಇರಬೇಕು.