ಅಡಿಕೆ ತೋಟವೂ ಟೆನಿಸ್ ಆಟವೂ

ಚನ್ನಗಿರಿಯಲ್ಲಿ ಅಡಿಕೆಯ ಮಾತಿಲ್ಲದೆ ಬೆಳಗಾಗುವುದಿಲ್ಲ. ಚಹದಂಗಡಿಯ ಬೆಂಚಿನ ಮೇಲೆ ಕುಳಿತವರು ಮೊದಲು ರಾಶಿ ಅಡಿಕೆಯ ಧಾರಣೆಯನ್ನು ವಿಚಾರಿಸಿ, ಅನಂತರ ಮನೆಮಂದಿಯ ಯೋಗಕ್ಷೇಮವನ್ನು ವಿಚಾರಿಸುವುದು ಇಲ್ಲಿಯ ವಾಡಿಕೆ. ಇಂಥ ಊರಿನಲ್ಲಿ ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆದುಕೊಳ್ಳುವ ನನ್ನಂಥವನಲ್ಲಿಗೆ ಲಾಭನಷ್ಟದ ಸಲಹೆ ಕೇಳಲು ಯಾರೂ ಬರುವುದಿಲ್ಲ. ಬಂದರೆ ಮದುವೆಯ ಕರೆಯೋಲೆಯ ಒಕ್ಕಣೆ ತಿದ್ದಿಸಿಕೊಳ್ಳಲು ಬರುತ್ತಾರೆ. ಇಲ್ಲವೇ ನಿವೃತ್ತರಾಗುವ ಯಾರಿಗಾದರೂ ಸನ್ಮಾನಪತ್ರ ಬರೆಯಿಸಿಕೊಳ್ಳಲು ಬರುತ್ತಾರೆ. ಆದುದರಿಂದ ಈಚೆಗೆ ಒಂದು ಭಾನುವಾರ ಬೆಳಿಗ್ಗೆ ನ್ಯಾಮತಿ ಕಡೆಯ ಹಿರಿಯ ತೋಟಗಾರರೊಬ್ಬರು ನಮ್ಮ ಮನೆಯ ಮೆಟ್ಟಿಲೇರಿದಾಗ ನಾನು ಅಭ್ಯಾಸಬಲದಿಂದ ಲೇಖನಿಯನ್ನೇ ಕೈಗೆತ್ತಿಕೊಂಡೆ.

“ಬರೆಯುವ ಕೆಲಸವಲ್ಲ ಮೇಷ್ಟ್ರೇ, ಒಂದು ಮಾತು ಕೇಳಿ ಹೋಗೋಣವೆಂದು ಬಂದೆ,” ಎಂದರು.

ಅವರ ಮೊಮ್ಮಗ ನಮ್ಮ ಕಾಲೇಜಿನಲ್ಲಿ ಬಿ.ಕಾಂ. ಮೊದಲ ವರ್ಷದ ವಿದ್ಯಾರ್ಥಿ. ಚಿಕ್ಕಂದಿನಲ್ಲಿ ದಾವಣಗೆರೆಯ ಸೋದರತ್ತೆಯ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿದ್ದಾಗ ಟೆನಿಸ್ ಕಲಿತವನು. ಈಗ ಅವನಿಗೆ ಆಟವೇ ಊಟ, ಆಟವೇ ನಿದ್ದೆ. ಓದನ್ನು ಬಿಟ್ಟು ಬೆಂಗಳೂರು ಸೇರಿ, ಆಟವನ್ನೇ ವೃತ್ತಿಯಾಗಿ ಮಾಡಿಕೊಳ್ಳುತ್ತೇನೆಂದು ಹಟ ಹಿಡಿದಿದ್ದಾನೆ. ಅವನ ತಂದೆಯಾದರೋ ಹೊನ್ನಾಳಿಯ ಹೊಳೆಯಂಚಿನಲ್ಲಿರುವ ಒಂದೆಕರೆ ಗದ್ದೆಯನ್ನು ಮಾರಿಯಾದರೂ ಮಗನನ್ನು ಕಳಿಸುವುದೆಂದು ಅರ್ಧ ಮನಸ್ಸು ಮಾಡಿದ್ದಾರೆ.

“ನೀವು ನಾಲ್ಕಕ್ಷರ ಓದಿದವರು. ಈ ಚೆಂಡಾಟದಿಂದ ಒಂದು ಸಂಸಾರ ನಡೆಯುತ್ತದೆಯೋ ಇಲ್ಲವೋ, ಅಷ್ಟು ಹೇಳಿ. ಗದ್ದೆ ಹೋದರೆ ತಿರುಗಿ ಬರುವುದಿಲ್ಲ. ಹುಡುಗನ ವಯಸ್ಸೂ ತಿರುಗಿ ಬರುವುದಿಲ್ಲ,” ಎಂದರು ಹಿರಿಯರು.

ಹದಿನೈದು ದಿನಗಳ ಅವಕಾಶ ಕೇಳಿದೆ. ಕೇಳಲು ಕಾರಣ ನನ್ನ ಅಜ್ಞಾನವೊಂದೇ ಅಲ್ಲ. ಮನಸ್ಸಿನಲ್ಲಿ ಇನ್ನೊಂದು ಮುಳ್ಳು ಚುಚ್ಚುತ್ತಿತ್ತು. ಅದಕ್ಕೆ ಮುಂಚೆ ಎರಡು ತಿಂಗಳ ಕೆಳಗೆ ಈ ಹುಡುಗ ವಾರದ ಕಾಲ ತರಗತಿಗೆ ಬಂದಿರಲಿಲ್ಲ. ಬಂದ ದಿನ ಹಾಜರಿ ಕರೆಯುತ್ತ, “ಎಲ್ಲಿಗಪ್ಪಾ ಹೋಗಿತ್ತು ಸವಾರಿ?” ಎಂದೆ. ಪಂದ್ಯಾವಳಿಗೆ ಹೋಗಿದ್ದೆನೆಂದ. “ಗೆದ್ದು ಬಂದೆಯೊ?” ಎಂದೆ. “ಮೊದಲ ಸುತ್ತಿನಲ್ಲೇ ಸೋತೆ ಸಾರ್,” ಎಂದ. “ಹಾಗಾದರೆ ಆರು ದಿನ ಏನು ಮಾಡಿದೆ, ಚೆಂಡು ಹೆಕ್ಕುತ್ತಿದ್ದೆಯಾ?” ಎಂದು ನಾನು ಕೇಳಿದಾಗ ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಹುಡುಗ ತಲೆ ತಗ್ಗಿಸಿ ಕುಳಿತ. ಹಾಸ್ಯವೆಂದು ಅಂದು ಬೀಗಿದ ಮಾತು, ಅಜ್ಜನ ಮುಖ ನೋಡಿದ ಮೇಲೆ ಹಾಸ್ಯವಾಗಿ ತೋರಲಿಲ್ಲ.

ಹೀಗೆ ನಾನು ಟೆನಿಸ್ಸಿನ ಶಾಸ್ತ್ರಾಧ್ಯಯನಕ್ಕೆ ತೊಡಗಿದೆ. ಹಳಗನ್ನಡದ ವ್ಯಾಕರಣಕ್ಕಿಂತ ಅದೇನೂ ಸುಲಭವಲ್ಲವೆಂಬುದು ಬಹುಬೇಗ ತಿಳಿಯಿತು. ವೃತ್ತಿಯ ಆಟವೆಂಬುದು ಒಂದು ಏಣಿ. ತೀರ ಕೆಳಗಿನ ಮೆಟ್ಟಿಲಿನಲ್ಲಿ ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟದ ಪಂದ್ಯಾವಳಿಗಳಿವೆ. ಅದರ ಮೇಲೆ ಚಾಲೆಂಜರ್ ಪಂದ್ಯಾವಳಿಗಳು. ಅವುಗಳ ಮೇಲೆ ಎ.ಟಿ.ಪಿ. ಪ್ರವಾಸ, ಎಲ್ಲಕ್ಕೂ ಮೇಲೆ ಆಸ್ಟ್ರೇಲಿಯಾ, ಫ್ರಾನ್ಸ್, ವಿಂಬಲ್ಡನ್ ಮತ್ತು ಅಮೆರಿಕಗಳ ನಾಲ್ಕು ಮಹಾ ಪಂದ್ಯಾವಳಿಗಳು. ಆ ನಾಲ್ಕರಲ್ಲಿ ಒಂಟಿಯಾಟದ ಮುಖ್ಯ ಸುತ್ತಿಗೆ ಪ್ರವೇಶವಿರುವುದು ಜಗತ್ತಿನ 128 ಮಂದಿಗೆ ಮಾತ್ರ. ಗೆದ್ದ ಪ್ರತಿಯೊಂದು ಸುತ್ತಿಗೆ ಅಂಕಗಳುಂಟು. ಅಂಕಗಳಿಂದ ಜಾಗತಿಕ ಸ್ಥಾನ. ಸ್ಥಾನದಿಂದ ಮೇಲಿನ ಮೆಟ್ಟಿಲಿಗೆ ಪ್ರವೇಶ. ಆದರೆ ಈ ಅಂಕಗಳು ಬ್ಯಾಂಕಿನ ಠೇವಣಿಯಂತೆ ಕುಳಿತಿರುವುದಿಲ್ಲ. 52 ವಾರ ಕಳೆದೊಡನೆ ಕರಗಿಹೋಗುತ್ತವೆ. ಕಾಲು ಉಳುಕಿ ಮನೆಯಲ್ಲಿ ಮಲಗಿದವನ ಗಳಿಕೆಯೂ ಅವನ ಮಗ್ಗುಲಲ್ಲೇ ಮಲಗಿ ಸವೆಯುತ್ತದೆ!

ಇನ್ನು ಹಣದ ಮಾತು. ತೀರ ಕೆಳಗಿನ ದರ್ಜೆಯ ಪಂದ್ಯಾವಳಿಗೆ 15,000 ಡಾಲರ್ ಬಹುಮಾನವೆಂದು ಕೇಳಿದಾಗ ನಾನು ಹುಬ್ಬೇರಿಸಿದೆ. ಆದರೆ ಅದು ಒಬ್ಬನ ಕೈಗೆ ಬೀಳುವ ಮೊತ್ತವಲ್ಲ. ಆಡಿದವರೆಲ್ಲರ ಪಾಲು ಸೇರಿ ಆಗುವ ಮೊತ್ತ. ವಾರವಿಡೀ ಆಡಿ ಪ್ರಶಸ್ತಿ ಗೆದ್ದವನಿಗೆ 2,000 ಡಾಲರಿಗೆ ತುಸು ಹೆಚ್ಚು. ಮುಖ್ಯ ಸುತ್ತಿಗೆ ಬಂದು ಮೊದಲ ಪಂದ್ಯದಲ್ಲೇ ಸೋತವನಿಗೆ 150 ಡಾಲರಿನ ಆಸುಪಾಸು, ಎಂದರೆ ಸುಮಾರು 13,000 ರೂಪಾಯಿ. ಈ ಹಣದಲ್ಲಿಯೇ ಪ್ರಯಾಣ, ವಸತಿ, ಊಟ, ತರಬೇತುದಾರನ ಸಂಬಳ ಎಲ್ಲ ಹುಟ್ಟಬೇಕು. ಕಿತ್ತುಹೋದ ರ‍್ಯಾಕೆಟ್ಟಿನ ತಂತಿಯನ್ನು ಮತ್ತೆ ಬಿಗಿಸುವ ಖರ್ಚು ಬೇರೆ. ಅರ್ಹತಾ ಸುತ್ತಿನಲ್ಲೇ ಸೋತವನು ಬಂದ ಬಸ್ಸಿನ ಹಣವನ್ನೂ ಕೈಯಿಂದಲೇ ಕೊಡಬೇಕು. ನಮ್ಮ ಹುಡುಗ ಸೋತದ್ದು ಅಲ್ಲಿ.

ಹಾಗಾದರೆ ಏಣಿ ಹತ್ತಿದವರು ಯಾರೂ ಇಲ್ಲವೇ? ಇದ್ದಾರೆ. ಕೊಡಗಿನ ರೋಹನ್ ಬೋಪಣ್ಣನವರ ಹೆಸರನ್ನು ಓದುಗರೆಲ್ಲ ಕೇಳಿದ್ದಾರೆ. 2024ರ ಜನವರಿಯಲ್ಲಿ, 43ನೆಯ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡನ್ನರೊಡಗೂಡಿ ಆಸ್ಟ್ರೇಲಿಯಾದ ಜೋಡಿಯಾಟದ ಪ್ರಶಸ್ತಿ ಗೆದ್ದು, ಜೋಡಿಯಾಟದಲ್ಲಿ ಜಗತ್ತಿನ ಮೊದಲನೆಯ ಸ್ಥಾನಕ್ಕೇರಿದವರು. ಆ ಸ್ಥಾನವನ್ನು ಮೊಟ್ಟಮೊದಲ ಬಾರಿಗೆ ಅಷ್ಟು ವಯಸ್ಸಿನಲ್ಲಿ ಮುಟ್ಟಿದವರು ಮತ್ತೊಬ್ಬರಿಲ್ಲ. ಅದೇ ವರ್ಷ ಪದ್ಮಶ್ರೀ ಬಂತು. 2025ರ ನವೆಂಬರ್ 1ರಂದು ಆಟಕ್ಕೆ ವಿದಾಯ ಹೇಳಿದರು. ಪತ್ರಿಕೆಗಳು ಹೂಮಾಲೆಯ ಚಿತ್ರವನ್ನು ದೊಡ್ಡದಾಗಿ ಅಚ್ಚುಹಾಕಿದವು. ಆದರೆ ನಮ್ಮ ಹಿರಿಯರಿಗೆ ಬೇಕಾದದ್ದು ಹೂಮಾಲೆಯ ಕಥೆಯಲ್ಲ, ಅದಕ್ಕಿಂತ ಹಿಂದಿನ ಕಥೆ.

ಬೋಪಣ್ಣನವರು ಹುಟ್ಟಿದ್ದು 1980ರ ಮಾರ್ಚ್ 4ರಂದು. ತಂದೆ ಕಾಫಿ ಬೆಳೆಗಾರರು. ಹಾಕಿ ಎಂದರೆ ಪ್ರಾಣ ಬಿಡುವ ನಾಡು ಕೊಡಗು; ಬಾಲಕ ಬೋಪಣ್ಣನಿಗೂ ಹಾಕಿ, ಫುಟ್‌ಬಾಲುಗಳೇ ಇಷ್ಟ. ಮಗನು ಒಬ್ಬನೇ ನಿಂತು ಆಡುವ ಆಟವೊಂದನ್ನು ಕಲಿಯಲೆಂಬ ತಂದೆಯ ಬಯಕೆಯಿಂದ 11ನೆಯ ವಯಸ್ಸಿನಲ್ಲಿ ರ‍್ಯಾಕೆಟ್ಟು ಕೈಗೆ ಬಂತು. ಈ ಆಟಕ್ಕೆ ಅದು ತಡವಾದ ಪ್ರಾರಂಭವೆಂದೇ ಹೇಳಬೇಕು. ಸರ್ವಿಗೆ ಬಲ ಬರಲೆಂದು ಕೊಡಗಿನಲ್ಲಿ ಸೌದೆ ಒಡೆದದ್ದನ್ನೂ, ದಮ್ಮು ಬೆಳೆಯಲೆಂದು ಕಾಫಿ ತೋಟಗಳ ನಡುವೆ ಓಡಿದ್ದನ್ನೂ, ಬಿರುಕುಬಿಟ್ಟ ಅಂಕಣಗಳಲ್ಲಿ ಆಡಿದ್ದನ್ನೂ ಅವರು ತಮ್ಮ ವಿದಾಯದ ಮಾತಿನಲ್ಲಿ ನೆನೆದಿದ್ದಾರೆ. ಆಟವೇ ತನ್ನ ದಾರಿಯೆಂದು ಗಟ್ಟಿಯಾದಾಗ ಅವರಿಗೆ 19 ವರ್ಷ. ಬೆಂಗಳೂರಿನಲ್ಲಿ ಕಾಲೇಜನ್ನೂ ಓದಿದರು.

2002ರಲ್ಲಿ ಡೇವಿಸ್ ಕಪ್ ಪಂದ್ಯದಲ್ಲಿ ಮೊದಲ ಬಾರಿಗೆ ಭಾರತದ ಪರವಾಗಿ ಆಡಿದರು. ಎದುರಾಳಿ ದೇಶ ಆಸ್ಟ್ರೇಲಿಯಾ, ಗೆಲುವು ಒಲಿಯಲಿಲ್ಲ. 2003ರಲ್ಲಿ ವೃತ್ತಿಪರರಾದರು. ಮುಂದಿನ ಕೆಲವು ವರ್ಷಗಳ ವೃತ್ತಾಂತದಲ್ಲಿ ಪತ್ರಿಕೆಯ ಮುಖಪುಟಕ್ಕೆ ಬೇಕಾದದ್ದು ಬಹಳವಿಲ್ಲ: ಸಣ್ಣ ಊರುಗಳು, ಸಣ್ಣ ಪಂದ್ಯಗಳು, ದೊಡ್ಡ ಖರ್ಚುಗಳು. ಒಂಟಿಯಾಟದಲ್ಲಿ ಅವರು ಏರಿದ ಅತ್ಯುನ್ನತ ಸ್ಥಾನ, 2007ರಲ್ಲಿ, 213. ಜಗತ್ತಿನಲ್ಲಿ ತನಗಿಂತ ಚೆನ್ನಾಗಿ ಆಡುವವರು ಕೇವಲ 212 ಜನ. ಆದರೂ ಮಹಾ ಪಂದ್ಯಾವಳಿಯ ಬಾಗಿಲು ಅವರಿಗೆ ನೇರವಾಗಿ ತೆರೆಯುವುದಿಲ್ಲ! ಇಂಥ ಲೆಕ್ಕವನ್ನು ನಮ್ಮ ಉಪನ್ಯಾಸಕ ವೃತ್ತಿಗೆ ಅನ್ವಯಿಸಿದರೆ ನಮ್ಮಲ್ಲಿ ಎಷ್ಟು ಜನರಿಗೆ ತಿಂಗಳ ಸಂಬಳ ದೊರೆತೀತು?

ಇಲ್ಲಿಯೇ ಬೋಪಣ್ಣನವರ ವಿವೇಕವನ್ನು ನಾನು ಮೆಚ್ಚುವುದು. ತನ್ನ ಬಲ ಬಿರುಸಾದ ಸರ್ವಿನಲ್ಲಿದೆ, ಜೋಡಿಯಾಟದಲ್ಲಿ ಅದಕ್ಕೆ ಬೆಲೆಯಿದೆ ಎಂಬುದನ್ನು ಕಂಡುಕೊಂಡು, ಕ್ರಮೇಣ ಆ ಕಡೆಗೆ ಹೊರಳಿದರು. 2008ರಲ್ಲಿ ಲಾಸ್ ಏಂಜಲೀಸಿನಲ್ಲಿ ಎರಿಕ್ ಬ್ಯುಟೊರಾಕ್‌ರೊಡನೆ ಮೊದಲ ಎ.ಟಿ.ಪಿ. ಪ್ರಶಸ್ತಿ ಬಂತು. ರ‍್ಯಾಕೆಟ್ಟು ಹಿಡಿದು ಆಗಲೇ ಹದಿನೇಳು ವರ್ಷಗಳಾಗಿದ್ದವು. 2010ರ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದ ಐಸಾಮ್ ಖುರೇಷಿಯವರೊಂದಿಗೆ ಅಮೆರಿಕದ ಮಹಾ ಪಂದ್ಯಾವಳಿಯ ಅಂತಿಮ ಸುತ್ತಿಗೆ ಬಂದು ಬ್ರಯಾನ್ ಸೋದರರಿಗೆ ಸೋತರು. ಅದೇ ತಿಂಗಳು ಚೆನ್ನೈಯಲ್ಲಿ ಬ್ರೆಜಿಲ್ ವಿರುದ್ಧದ ಡೇವಿಸ್ ಕಪ್ ಪಂದ್ಯ. ಮೊದಲ ಎರಡನ್ನೂ ಸೋತಿದ್ದ ಭಾರತ ಮುಂದಿನ ಎರಡನ್ನು ಗೆದ್ದು ಸರಿದೂಗಿಸಿದಾಗ, ಐದನೆಯ ನಿರ್ಣಾಯಕ ಪಂದ್ಯಕ್ಕಿಳಿದು ರಿಕಾರ್ಡೊ ಮೆಲೊರನ್ನು ಸೋಲಿಸಿ ದೇಶವನ್ನು ದಡ ಸೇರಿಸಿದವರು ಬೋಪಣ್ಣ. ಆದರೂ ಮಹಾ ಪಂದ್ಯಾವಳಿಯ ಮೊದಲ ಪ್ರಶಸ್ತಿ ಬರಲು 2017ರವರೆಗೆ ಕಾಯಬೇಕಾಯಿತು. ಅದು ಫ್ರಾನ್ಸಿನಲ್ಲಿ, ಗೇಬ್ರಿಯೆಲಾ ಡಬ್ರೌಸ್ಕಿಯವರೊಡನೆ ಆಡಿದ ಮಿಶ್ರ ಜೋಡಿಯಾಟದಲ್ಲಿ. ಅನಂತರವೂ ಒಮ್ಮೆ ಐದು ತಿಂಗಳ ಕಾಲ ಒಂದು ಪಂದ್ಯವನ್ನೂ ಗೆಲ್ಲದೆ, ಇನ್ನು ಸಾಕೆಂದು ಹೆಂಡತಿಗೆ ಹೇಳಿಕಳಿಸಿದ್ದರಂತೆ. ಮೊಣಕಾಲಿನ ಮೃದ್ವಸ್ಥಿ ಸವೆದುಹೋಗಿತ್ತು. ಅಯ್ಯಂಗಾರ್ ಯೋಗದ ಮೊರೆಹೊಕ್ಕು ಮತ್ತೆ ನಿಂತರು.

ಇದಿಷ್ಟೇ ಹೇಳಿ ನಿಲ್ಲಿಸಿದರೆ ನಾನು ಹಿರಿಯರಿಗೆ ಅರ್ಧಸತ್ಯ ಹೇಳಿದಂತಾಗುತ್ತಿತ್ತು. ಹತ್ತು ವರ್ಷದ ಹುಡುಗನಾಗಿ ಹರಿಯಾಣದಿಂದ ಬೆಂಗಳೂರಿನ ತರಬೇತಿ ಕೇಂದ್ರಕ್ಕೆ ಬಂದ ಸುಮಿತ್ ನಾಗಲ್, 2023ರಲ್ಲಿ ಒಂಟಿಯಾಟದಲ್ಲಿ ಭಾರತದ ಅಗ್ರಗಣ್ಯ ಆಟಗಾರರಾಗಿದ್ದಾಗಲೇ, ಖರ್ಚೆಲ್ಲ ಕಳೆದು ಬ್ಯಾಂಕಿನಲ್ಲಿ ಉಳಿದಿರುವುದು 900 ಯೂರೊ ಮಾತ್ರವೆಂದು ಹೇಳಿಕೊಂಡರು. ಸುಮಾರು 80,000 ರೂಪಾಯಿ! ನಾಲ್ಕೇ ತಿಂಗಳಲ್ಲಿ ಅವರು ಆಸ್ಟ್ರೇಲಿಯಾದಲ್ಲಿ ಶ್ರೇಯಾಂಕಿತ ಆಟಗಾರನೊಬ್ಬನನ್ನು ಸೋಲಿಸಿ, ಆಮೇಲೆ ಮೊದಲ ನೂರರೊಳಗೂ ಬಂದರೆಂಬುದು ನಿಜ. ಮೊದಲ 250 ಸ್ಥಾನಗಳೊಳಗಿನವರಿಗೆ ಎ.ಟಿ.ಪಿ.ಯವರು 2024ರಿಂದ ವರ್ಷಕ್ಕಿಷ್ಟೆಂದು ಕನಿಷ್ಠ ಆದಾಯದ ಭರವಸೆಯನ್ನೂ ಕೊಟ್ಟಿದ್ದಾರೆ. ಆದರೆ 251ನೆಯವನಿಗೆ ಆ ಭರವಸೆಯಿಲ್ಲ. ಅವನ ಹಿಂದೆ ಸಾಲುಗಟ್ಟಿ ನಿಂತ ಸಾವಿರಾರು ಹುಡುಗರ ಹೆಸರನ್ನು ನಾವು ಯಾರೂ ಕೇಳಿಲ್ಲ.

ಹದಿನೈದು ದಿನ ಕಳೆದು ಹಿರಿಯರು ಬಂದಾಗ ಇದನ್ನೆಲ್ಲ ಬಿಡಿಸಿ ಹೇಳಿದೆ. ಕೊನೆಗೆ, “ಗದ್ದೆ ಮಾರಬೇಡಿ ಯಜಮಾನರೇ. ಮಾರಿದ ದುಡ್ಡು ಹುಡುಗನ ಹೆಗಲ ಮೇಲೆ ಕುಳಿತುಬಿಡುತ್ತದೆ. ಒಂದೊಂದು ಚೆಂಡು ತಪ್ಪಿದಾಗಲೂ ಅವನಿಗೆ ಹೊಳೆಯಂಚಿನ ಗದ್ದೆಯೇ ಕಾಣುತ್ತದೆ. ಹಾಗೆಂದು ಆಟವನ್ನು ಬಿಡಿಸಲೂ ಬೇಡಿ,” ಎಂದೆ.

ಎರಡನೆಯ ಮಾತನ್ನು ಹೇಳುವಾಗ ನನ್ನ ತಂದೆಯ ನೆನಪಾಯಿತು. ನಾವು ಜಗಳೂರಿನ ಕಡೆಯವರು. ಮಳೆಯನ್ನು ನಂಬಿ ಬಿತ್ತುವ ಎರಡು ಎಕರೆ ಹೊಲವನ್ನು ಒತ್ತೆಯಿಟ್ಟು ತಂದೆ ನನ್ನನ್ನು ಓದಿಸಿದರು. ಅದೂ ಎಂಥ ಓದು! ಕನ್ನಡ ಎಂ.ಎ. ಊರವರು, “ಮನೆಯಲ್ಲಿ ಆಡುವ ಮಾತನ್ನು ಕಲಿಯಲು ಹೊಲ ಯಾಕೆ ಒತ್ತೆಯಿಡಬೇಕು?” ಎಂದು ನಕ್ಕಿದ್ದರು. ನನಗೆ ಕೆಲಸ ಸಿಕ್ಕಿತು, ಹೊಲ ಬಿಡಿಸಿಕೊಂಡೆವು, ನಗು ನಿಂತಿತು. ಸಿಕ್ಕದಿದ್ದರೆ? ನನ್ನೊಡನೆ ಓದಿದವರಲ್ಲಿ ಸಿಕ್ಕದವರೂ ಇದ್ದಾರೆ; ಅವರಾರೂ ನನಗಿಂತ ದಡ್ಡರಲ್ಲ. ಇಂಥ ನಗುವಿನ ಉರಿಯನ್ನು ಬಲ್ಲ ನಾನೇ ತರಗತಿಯಲ್ಲಿ ಆ ಹುಡುಗನನ್ನು ನಗೆಗೀಡುಮಾಡಿದ್ದೆ.

ಹಿರಿಯರು ಎಲೆಗೆ ಸುಣ್ಣ ಸವರುತ್ತ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ಅಡಿಕೆ ಸಸಿ ನೆಟ್ಟರೆ ಫಲ ಕಾಣಲು ಐದಾರು ವರ್ಷ ಬೇಕು ಮೇಷ್ಟ್ರೇ. ಅಲ್ಲಿಯವರೆಗೆ ನಾವೇನು ಉಪವಾಸ ಕೂರುತ್ತೇವೆಯೇ? ನಡುವೆ ಬಾಳೆ ಹಾಕುತ್ತೇವೆ. ಸಸಿಗೆ ನೆರಳಾಗುತ್ತದೆ, ಮನೆಗೆ ಖರ್ಚಿಗಾಗುತ್ತದೆ. ಸಸಿ ಕೈಕೊಟ್ಟರೂ ಬಾಳೆ ಉಳಿದಿರುತ್ತದೆ. ನಮ್ಮ ಹುಡುಗನ ಬಿ.ಕಾಂ. ಬಾಳೆಯಿದ್ದಂತೆ. ಮೂರು ವರ್ಷ ಅದನ್ನೂ ಮಾಡಲಿ, ಇದನ್ನೂ ಆಡಲಿ. ಗದ್ದೆ ಮಾರುವುದಿಲ್ಲ, ತೋಟದ ಬಾಳೆಯ ದುಡ್ಡು ಮೂರು ವರ್ಷ ಅವನದು. ಆಮೇಲೆ ಲೆಕ್ಕ ನೋಡೋಣ.”

ನಾನು ಹದಿನೈದು ದಿನ ಓದಿ ಕಂಡುಕೊಳ್ಳಲಾರದ ಮಾತನ್ನು ಅವರು ಒಂದು ಎಲೆ ಮಡಿಸುವಷ್ಟರಲ್ಲಿ ಹೇಳಿದ್ದರು. 2023ರಲ್ಲಿ ಧಾರವಾಡ, ಕಲಬುರಗಿಗಳಲ್ಲಿಯೇ ಅಂತರರಾಷ್ಟ್ರೀಯ ಪಂದ್ಯಾವಳಿಗಳು ನಡೆದಿದ್ದುವೆಂಬುದನ್ನು ತಿಳಿಸಿ, ಇಂಥವು ಮತ್ತೆ ನಡೆದರೆ ರಾತ್ರಿಯ ಬಸ್ಸಿನಲ್ಲಿ ಹೋಗಿ ಆಡಿ ಬರಬಹುದೆಂದಷ್ಟೇ ನಾನು ಸೇರಿಸಿದೆ.

ಮರುದಿನ ತರಗತಿಯಲ್ಲಿ, ಅಂದು ನಕ್ಕವರೆಲ್ಲರ ಎದುರಿನಲ್ಲಿ, ನನ್ನ ಮಾತಿಗಾಗಿ ಹುಡುಗನ ಕ್ಷಮೆ ಕೇಳಿದೆ. ಅವನು ನನಗಿಂತ ಹೆಚ್ಚು ಸಂಕೋಚಪಟ್ಟ. ಕಳೆದ ವಾರ ಮತ್ತೊಂದು ಪಂದ್ಯಾವಳಿಗೆ ಹೋಗಿ ಬಂದಿದ್ದಾನೆ. ಈ ಸಲವೂ ಸೋಲೇ. ಆದರೆ ಈ ಸಲ ನಾನು ಕೇಳಿದ್ದು ಬೇರೆ ಪ್ರಶ್ನೆ: “ಎಷ್ಟು ಸೆಟ್ ನಡೆಯಿತು?”

“ಮೂರು ಸಾರ್. ಮೂರನೆಯದು ಏಳು–ಐದು.”

ಸೋಲಿನಲ್ಲಿಯೂ ದೂರವನ್ನು ಅಳೆಯುವ ಕೋಲೊಂದುಂಟೆಂದು ಈಗ ನನಗೆ ಗೊತ್ತು. “ಹತ್ತಿರ ಬಂದೆ,” ಎಂದೆ. ತರಗತಿಯಲ್ಲಿ ಯಾರೂ ನಗಲಿಲ್ಲ. ಹಾಜರಿಯ ಪುಸ್ತಕವನ್ನು ತೆರೆದು ಪಾಠಕ್ಕೆ ತೊಡಗಿದೆ.